ಕಾರ್ಡಿಗೆ ಕಟ್ಟಿದ ಹಣ, ಪೆನಾಂಗಿನ ದಾರಿ

ಚಂದನಾ, ಮನು, ಇದು ನಿಮ್ಮಜ್ಜಿ ಬರೆಯುತ್ತಿರುವುದು. ಬಾಯಲ್ಲೇ ಹೇಳೋಣವೆಂದು ಎಷ್ಟೋ ಸಲ ನಿಮ್ಮಿಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೇನೆ. ಕೂತ ಮೇಲೆ ಎಮ್ಮೆ ಈದದ್ದು, ಹುಣಸೆ ಬಡಿದದ್ದು ಏನೋ ಒಂದು ಹೇಳಿ ಎಬ್ಬಿಸಿ ಕಳಿಸಿದ್ದೇನೆ. ನಾಲ್ಕು ಜನರ ಮುಂದೆ ನನ್ನ ದನಿ ಏಳುವುದಿಲ್ಲ. ಈ ಒಂದು ವಿಷಯಕ್ಕೆ ನಿಮ್ಮ ಮುಂದೆಯೂ ಏಳಲಿಲ್ಲ. ಹರವೆಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದರಿಂದ ಬರೆಯಲು ಬರುತ್ತದೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಾನು ಹೊರದೇಶ ನೋಡಿದ್ದು ಒಂದೇ ಸಲ. ನಿಮ್ಮಪ್ಪ ನಾಗರಾಜ ಕೆಲಸಕ್ಕಿದ್ದ ಮಲೇಶಿಯಾದ ಪೆನಾಂಗ್ ಎಂಬ ಊರಿಗೆ. ನೋಡಲು ಹೋದದ್ದಲ್ಲ, ಅವನನ್ನು ಕರೆದುಕೊಂಡು ಬರಲು ಹೋದೆ.

ಗುಂಡ್ಲುಪೇಟೆ

ನಮ್ಮ ಚಾಮರಾಜನಗರದ ಕಡೆಯ ಕರಿಕಲ್ಲು ಹಡಗು ಹತ್ತಿ ಹೋಗುತ್ತದೆ ಎಂದು ನೀವು ಕೇಳಿದ್ದೀರಿ. ನಿಮ್ಮಪ್ಪ ಆ ಕಲ್ಲು ಕೊಯ್ಯುವ, ಹೊಳಪು ಕೊಡುವ ಕಾರ್ಖಾನೆಯಲ್ಲಿ ಕೆಲಸ ಕಲಿತ. ಆಮೇಲೆ ಒಬ್ಬ ಗುತ್ತಿಗೆದಾರ ಅವನನ್ನು ಪೆನಾಂಗಿಗೆ ಕರೆದುಕೊಂಡು ಹೋದ. ಅಲ್ಲಿ ದೊಡ್ಡ ಕಟ್ಟಡಗಳ ನೆಲಕ್ಕೂ ಮೆಟ್ಟಿಲಿಗೂ ಕಲ್ಲು ಕೂರಿಸುವ ಕೆಲಸ. ಕೊನೆಯ ಸಲ ರಜೆಗೆ ಬಂದಾಗ ನನಗೂ ನಿಮ್ಮ ಮಹೇಶ ಮಾವನಿಗೂ ಪಾಸ್‌ಪೋರ್ಟ್ ಮಾಡಿಸಿದ. "ಒಂದ್ ಸಲ ಬಂದು ನೋಡವ್ವ. ಸಮುದ್ರ ಅನ್ನದು ಬಾಗ್ಲಲ್ಲೇ ಅದೆ, ನಮ್ ಊರ ಕೆರೆ ಇದ್ದಂಗೆ" ಎಂದ. ಮಹೇಶ ಮಾವ ನಿಮ್ಮ ಲತತ್ತೆಯ ಗಂಡ, ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಮೇಷ್ಟರು. ಅವರು ಜೊತೆಗೆ ಬಂದರೆ ನನಗೆ ದಾರಿ ತಪ್ಪುವುದಿಲ್ಲ ಎಂದು ಅವನ ಲೆಕ್ಕ.

ಫೋನು ಬಂದದ್ದು ಗುಂಡ್ಲುಪೇಟೆಗೆ, ಲತತ್ತೆಯ ಮನೆಗೆ. ಕಲ್ಲಿನ ಚಪ್ಪಡಿ ಸರಪಳಿಯಿಂದ ಜಾರಿ ನಾಗರಾಜನ ಸೊಂಟದ ಮೇಲೆ ಬಿದ್ದಿದೆ, ಆಸ್ಪತ್ರೆಯಲ್ಲಿದ್ದಾನೆ, ಮನೆಯವರು ಯಾರಾದರೂ ಬನ್ನಿ ಎಂದು ಜೊತೆಯ ಕೆಲಸದವನೊಬ್ಬ ಹೇಳಿದ. ಮನು, ಆಗ ನೀನು ಹುಟ್ಟಿದ್ದೆ, ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ. ನಿಮ್ಮಮ್ಮ ಸವಿತ ಹರದನಹಳ್ಳಿಯ ತವರಿನಲ್ಲಿ ಬಾಣಂತಿ. ಚಂದನಾ, ನೀನು ನನ್ನ ಸೆರಗು ಹಿಡಿದು ಓಡಾಡುವಷ್ಟು. ನಾನೇ ಹೊರಟೆ.

ಹಣ ನಮ್ಮ ಕೈಯಲ್ಲಿ ಇತ್ತು. ಅದನ್ನು ನೀವು ಮರೆಯಬಾರದು. ಅರಿಸಿನ ಮಾರಿದ್ದು, ನಿಮ್ಮಪ್ಪ ಕಳಿಸಿದ್ದರಲ್ಲಿ ಉಳಿಸಿದ್ದು, ನೆಂಟರು ತಾವಾಗಿಯೇ ತಂದು ಕೊಟ್ಟದ್ದು. ಅಲ್ಲಿಗೆ ಒಯ್ಯುವುದು ಹೇಗೆ ಎಂಬುದೇ ಕಷ್ಟವಾಯಿತು. ಮೈಸೂರಿನಲ್ಲಿ ಹೊರದೇಶದ ನೋಟು ಕೊಡುವವರು ಆ ಕಾಗದ ತನ್ನಿ, ಈ ಕಾಗದ ತನ್ನಿ, ನಾಳಿದ್ದು ಬನ್ನಿ ಎಂದರು. ನಮಗೆ ನಾಳೆಯೇ ವಿಮಾನ.

ಮಹೇಶ ಮಾವನ ಹತ್ತಿರ ಒಂದು ಕ್ರೆಡಿಟ್ ಕಾರ್ಡು ಇತ್ತು. ಯಾವುದೋ ಬ್ಯಾಂಕಿನ ಹುಡುಗ ಶಾಲೆಯ ಸ್ಟಾಫ್ ರೂಮಿಗೆ ಬಂದು ಮೇಷ್ಟರಿಗೆಲ್ಲ ಮಾಡಿಸಿಕೊಟ್ಟಿದ್ದು. ಮೊದಲು ಸಾಮಾನು ಕೊಳ್ಳುವುದು, ಬಾಕಿಯನ್ನು ಆಮೇಲೆ ಕಟ್ಟುವುದು, ಅದೂ ಒಂದು ಮಿತಿಯೊಳಗೆ. ಅವರ ಮಿತಿ ಸಣ್ಣದು, ಬಾಕಿ ಏನೂ ಇರಲಿಲ್ಲ. ಬಾಕಿಯಿಲ್ಲದಿದ್ದರೂ ಕಾರ್ಡಿಗೆ ಮೊದಲೇ ಹಣ ಕಟ್ಟಿಬಿಟ್ಟರೆ ಅಷ್ಟೂ ಅದರೊಳಗೆ ನಿಲ್ಲುತ್ತದೆ, ಯಾವ ದೇಶಕ್ಕೆ ಹೋದರೂ ಉಜ್ಜಬಹುದು ಎಂದು ಜೊತೆಯ ಮೇಷ್ಟರೊಬ್ಬರು ಹೇಳಿಕೊಟ್ಟರು.

ಲತಾಗೆ ಧೈರ್ಯ ಸಾಲದು. "ಅಷ್ಟೂ ದುಡ್ಡ ಆ ಪ್ಲಾಸ್ಟಿಕ್ಕೊಳಕ್ಕೆ ಹಾಕ್ಬುಟ್ರೆ ಹೆಂಗ್ರೀ? ಕಳ್ದೋದ್ರೆ?"

"ಕಳೆದ್ರೂ ದುಡ್ಡು ಬ್ಯಾಂಕಲ್ಲೇ ಇರ್ತದೆ ಕಣೆ. ಹೆಚ್ಚಿಗೆ ಕಟ್ಟುದ್ರೆ ಅವರೇ ನಮಗೆ ಬಾಕಿ. ಇಷ್ಟ್ ದಿನ ನಾವು ಅವರಿಗೆ ಬಾಕಿ ಇದ್ದಂಗೆ."

ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಅತ್ತೆಯಾದವಳು ಅಳಿಯನ ಎದುರು ನಿಲ್ಲುವುದು, ನೇರ ಮಾತಾಡುವುದು ನಮ್ಮ ಕಾಲದಲ್ಲಿ ಇರಲಿಲ್ಲ. ಲತಾಳ ಮದುವೆಯಾದಂದಿನಿಂದ ಅವರಿಗೆ ಏನು ಹೇಳಬೇಕಾದರೂ ಅವಳ ಮೂಲಕವೇ ಹೇಳಿದವಳು ನಾನು. ಆಗಲೂ ಒಳಗಿನಿಂದಲೇ, "ಲತಾ, ಅವ್ರು ಹೇಳದು ಸರಿಯಾಗದೆ ಅನ್ನು. ಮಂಡೀಲಿ ದುಡ್ಡ ಬುಟ್ಟಂಗೇ ಆಯ್ತಲ್ಲ" ಎಂದೆ.

ನಿಮ್ಮ ತಾತ ಇದ್ದಾಗ ಹಾಗೆಯೇ ನಡೆಯುತ್ತಿತ್ತು. ಫಸಲಿನ ಹಣವನ್ನು ಮಂಡಿ ಸಾಹುಕಾರರ ಹತ್ತಿರವೇ ಬಿಡುವುದು, ಮದುವೆಯೋ ಕಾಯಿಲೆಯೋ ಬಂದಾಗ ಹೋಗಿ ನಿಂತರೆ ಅವರು ಮುಖ ನೋಡಿ ಎತ್ತಿಕೊಡುವುದು. ಬ್ಯಾಂಕು ಸಾಹುಕಾರರಿಗಿಂತ ದೊಡ್ಡದು, ಇನ್ನೂ ಗಟ್ಟಿ ಎಂದುಕೊಂಡೆವು. ಮಹೇಶ ಮಾವ ಮೈಸೂರಿಗೆ ಹೋಗಿ ಎಲ್ಲ ಹಣವನ್ನೂ ಕಾರ್ಡಿಗೆ ಕಟ್ಟಿ ಬಂದರು.

ವಿಮಾನ

ವಿಮಾನದಲ್ಲಿ ಅಳಿಯಂದಿರ ಪಕ್ಕದಲ್ಲೇ ನನ್ನ ಸೀಟು. ನಡುವೆ ಇದ್ದದ್ದು ಕೈ ಊರುವ ಒಂದು ಪಟ್ಟಿ. ನಾನು ಸೆರಗು ಎಳೆದುಕೊಂಡು ಕಿಟಕಿಗೆ ಒತ್ತಿಕೊಂಡು ಕೂತೆ. ಅವರು ಆ ಕಡೆ, ಜನ ಓಡಾಡುವ ಓಣಿಗೆ ಒತ್ತಿಕೊಂಡು ಕೂತರು. ಸೊಂಟಕ್ಕೆ ಪಟ್ಟಿ ಬಿಗಿಯಬೇಕು ಎಂದು ಅವರು ನನಗೆ ಹೇಳಬೇಕಿತ್ತು. ಮುಂದಿನ ಸೀಟಿನ ಬೆನ್ನು ನೋಡುತ್ತಾ, "ಎಲ್ರೂ ಹಿಂಗ್ ಸಿಕ್ಕಿಸ್ಕಬೇಕಂತೆ" ಎಂದು ತಮ್ಮಷ್ಟಕ್ಕೆ ತಾವೇ ಜೋರಾಗಿ ಹೇಳಿಕೊಂಡು, ತಮ್ಮ ಪಟ್ಟಿಯನ್ನು ಬಿಚ್ಚಿ ಮತ್ತೆ ಹಾಕಿ ತೋರಿಸಿದರು.

ಊಟದ ತಟ್ಟೆ ಬಂತು. ಅಳಿಯನ ಮುಂದೆ ಬಾಯಿ ಆಡಿಸುವುದು ಹೇಗೆ? ನಾನು ಮುಟ್ಟಲಿಲ್ಲ. ನಾನು ತಿನ್ನದೆ ತಿನ್ನುವುದು ಹೇಗೆ ಎಂದು ಅವರೂ ಮುಟ್ಟಲಿಲ್ಲ. ಬಡಿಸುವ ಹುಡುಗಿ ಬಂದು ಏನೋ ಕೇಳಿದಳು. ಅವಳಿಗೆ ಕನ್ನಡದಲ್ಲೇ, "ಅವ್ರು ಬೆಳಗಿಂದ ಏನೂ ತಿಂದಿಲ್ಲ, ತಿನ್ನಕ್ಕೆ ಹೇಳವ್ವ" ಎಂದೆ. ಅವಳು ನಕ್ಕು ನನಗೆ ಇನ್ನೊಂದು ಲೋಟ ನೀರು ಕೊಟ್ಟು ಹೋದಳು. ಮಹೇಶ ಮಾವ ಎದ್ದು ಬಹಳ ಹೊತ್ತು ಹಿಂದೆ ಹೋಗಿ ನಿಂತರು. ಆಗ ನಾನು ತಿಂದೆ. ಅವರು ಬಂದಾಗ ನಾನು ಕಿಟಕಿಗೆ ಮುಖ ತಿರುಗಿಸಿ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದೆ. ಆಗ ಅವರು ತಿಂದರು.

ಪೆನಾಂಗ್, ಅಂಜಲೈಯವರ ಮನೆ

ನಿಮ್ಮಪ್ಪ ಬಾಡಿಗೆಗಿದ್ದದ್ದು ಅಂಜಲೈ ಎಂಬ ತಮಿಳು ಹೆಂಗಸಿನ ಮನೆಯ ಮಹಡಿಯಲ್ಲಿ. ಅವರೂ ನನ್ನ ಹಾಗೆ ವಿಧವೆ. ಬೀದಿಯಲ್ಲಿ ಇಡ್ಲಿ ಅಂಗಡಿ. ಹಣೆಯ ತುಂಬ ಕುಂಕುಮ, ತಲೆ ತುಂಬ ಹೂವು. ನನ್ನ ಬೋಳು ಹಣೆ ನೋಡಿ ಅವರಿಗೆ ಏನನ್ನಿಸಿತೋ, ಅವರ ಹಣೆ ನೋಡಿ ನನಗೆ ಏನೋ ಅನ್ನಿಸಿತು. ನಮ್ಮ ಕಡೆ ತಮಿಳು ಕಿವಿಗೆ ಬಿದ್ದೇ ಬೆಳೆಯುತ್ತೇವೆ, ಹಾಗಾಗಿ ಅವರ ಮಾತು ಅರ್ಧ ತಿಳಿಯುತ್ತಿತ್ತು. ಉಳಿದದ್ದನ್ನು ಕೈಯಲ್ಲಿ ತಿಳಿಸುತ್ತಿದ್ದರು.

ಆ ಊರಿನಲ್ಲಿ ಕಾಫಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹುಯ್ದು, ಬಾಯಿಗೆ ದಾರ ಕಟ್ಟಿ ಕೊಡುತ್ತಾರೆ. ಜನ ಅದನ್ನು ಬೆರಳಿಗೆ ನೇತುಹಾಕಿಕೊಂಡು ಬೀದಿಯಲ್ಲಿ ನಡೆಯುತ್ತಾರೆ. ನಮ್ಮಲ್ಲಿ ಸೀಮೆಎಣ್ಣೆ ತರುವವರು ಬಾಟಲಿ ನೇತುಹಾಕಿಕೊಂಡು ಬರುವ ಹಾಗೆ. ದಾರಿ ಕೇಳಿದರೆ ತೋರುಬೆರಳು ಚಾಚುವುದಿಲ್ಲ, ಮುಷ್ಟಿ ಕಟ್ಟಿ ಹೆಬ್ಬೆರಳಲ್ಲಿ ತೋರಿಸುತ್ತಾರೆ. ಬೆರಳು ತೋರಿಸುವುದು ಅವಮಾನವಂತೆ. ಮಳೆ ಮಧ್ಯಾಹ್ನ ಬಂದು, ಯಾರಿಗೂ ಸುದ್ದಿ ಕೊಡದೆ ನಿಂತುಬಿಡುತ್ತದೆ. ಬಸ್ಸಿನಲ್ಲಿ ನಾನು ನಿಂತರೆ ಸಾಕು, ಯಾರಾದರೂ ಎದ್ದು ಜಾಗ ಕೊಡುತ್ತಿದ್ದರು. ಒಳ್ಳೆಯ ಜನ. ಇದನ್ನೆಲ್ಲ ಬೇರೆ ಯಾವುದಾದರೂ ಕೆಲಸಕ್ಕೆ ಬಂದು ನೋಡಿದ್ದರೆ ನಿಮಗೆ ಇನ್ನೂ ಚೆನ್ನಾಗಿ ಹೇಳುತ್ತಿದ್ದೆ. ನಾನು ನೋಡಿದ್ದೆಲ್ಲ ಆಸ್ಪತ್ರೆಗೆ ಹೋಗುವಾಗ, ಆಸ್ಪತ್ರೆಯಿಂದ ಬರುವಾಗ.

ಆಸ್ಪತ್ರೆ

ನಿಮ್ಮಪ್ಪ ಗುರುತು ಸಿಗದಷ್ಟು ಇಳಿದುಹೋಗಿದ್ದ. ಆದರೆ ಎಚ್ಚರವಿತ್ತು. ನಾನೂ ಮಹೇಶ ಮಾವನೂ ಮಂಚದ ಆ ಕಡೆ ಈ ಕಡೆ ನಿಂತದ್ದನ್ನು ನೋಡಿ ಅವನು ಮೊದಲು ಆಡಿದ ಮಾತು ಇದು:

"ಅತ್ತೆ ಅಳಿಯ ಇಬ್ರೂ ಒಂದೇ ರೂಮಲ್ಲಿ ನಿಂತಿದ್ದೀರಲ್ಲ, ಲೋಕ ಕೆಟ್ಟೋಯ್ತು ಬುಡಿ."

ಮಹೇಶ ಮಾವ ನಗಲು ಹೋಗಿ ಅತ್ತುಬಿಟ್ಟರು.

"ಊಟ ಮಾಡ್ದ ಅವ್ವ?" ಎಂದು ನನ್ನನ್ನು ಕೇಳಿದ.

"ಮಾಡ್ದೆ ಕಣಪ್ಪ. ನೋವಾ?"

"ಸೊಂಟದ್ ಕೆಳಗೆ ಏನೂ ಗೊತ್ತಾಗಲ್ಲ. ನೋವಿದ್ರೆ ವಾಸಿಯಾಗಿತ್ತು. ಮಗ ಯಾರ್ ತರ ಅವ್ನೆ?"

"ನಿನ್ ತರಾನೇ ಕಣ. ಕಿವಿ ಎರಡೂ ಆಚೆಗೆ ನಿಂತವೆ."

"ಹಂಗಾರೆ ಮೇಷ್ಟ್ರು ಕೈಗೆ ಸಲೀಸಾಗಿ ಸಿಕ್ತವೆ ಬುಡು" ಎಂದು ಮಹೇಶ ಮಾವನ ಕಡೆ ನೋಡಿದ. "ಚಂದು ಏನಂತಾಳೆ?"

"ಅಪ್ಪ ವಿಮಾನ ತತ್ತಾರೆ ಅಂತ ಊರೆಲ್ಲ ಹೇಳ್ಕಂಡ್ ತಿರುಗ್ತಾಳೆ."

ಆಮೇಲೆ ನನ್ನ ಕೈ ಹಿಡಿದುಕೊಂಡ. "ಊರ್ಗೋಗನ ಅವ್ವ. ಇಲ್ಲಿ ನಮ್ಮೋರು ಅನ್ನೋರೂ ಸುಡ್ತಾರೆ. ನನ್ನ ಇಲ್ಲಿ ಬುಡ್‌ಬ್ಯಾಡ."

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಸ್ವಂತ ಜಮೀನಿನಲ್ಲಿ, ಅಂಗೈಯಲ್ಲಿ ಲಿಂಗ ಇಟ್ಟು, ಕೂರಿಸಿ ಮಣ್ಣು ಮಾಡುತ್ತೇವೆ. ನಿಮ್ಮ ತಾತ ನಮ್ಮೂರು ಉಡಿಗಾಲದ ಹೊಲದಲ್ಲಿ ಹಾಗೆಯೇ ಕೂತಿದ್ದಾರೆ. ನಾನು ನಿಮ್ಮಪ್ಪನ ಬಾಯಿ ಮುಚ್ಚಿ, "ಸಾಯೋ ಮಾತು ಯಾಕ್ಲಾ ಆಡ್ತೀಯೆ, ಕರ್ಕಂಡೋಗಕ್ಕೇ ಬಂದಿವ್ನಿ" ಎಂದೆ.

ಡಾಕ್ಟರು ಹೇಳಿದ್ದು ಮಹೇಶ ಮಾವನಿಗೆ ಅರ್ಥವಾಯಿತು. ಸೋಂಕು ರಕ್ತಕ್ಕೆ ಸೇರಲು ಶುರುವಾಗಿದೆ. ಕರೆದುಕೊಂಡು ಹೋಗುವುದಾದರೆ ಈಗಲೇ ಹೋಗಬೇಕು, ತಡವಾದರೆ ಪ್ರಯಾಣ ತಡೆಯುವುದಿಲ್ಲ. ವಿಮಾನದಲ್ಲಿ ಹಲವು ಸೀಟುಗಳನ್ನು ಮಡಿಸಿ ಅದರ ಮೇಲೆ ಸ್ಟ್ರೆಚರ್ ಕಟ್ಟುತ್ತಾರೆ. ಜೊತೆಗೆ ಒಬ್ಬ ನರ್ಸು ಬರುತ್ತಾರೆ. ಅಷ್ಟೂ ಸೀಟಿನ ಹಣ ಮೊದಲೇ ಕಟ್ಟಬೇಕು. ಆಸ್ಪತ್ರೆಯ ಖರ್ಚನ್ನು ಕೆಲಸ ಕೊಟ್ಟ ಕಂಪನಿಯವರು ನೋಡಿಕೊಂಡರು, ಊರಿಗೆ ಸಾಗಿಸುವುದು ಮನೆಯವರಿಗೆ ಸೇರಿದ್ದು ಎಂದರು. ಆಗಲಿ ಎಂದೆವು. ಹಣ ಇದೆಯಲ್ಲ.

ಅಂದು ಸಂಜೆ ಔಷಧಿ ಅಂಗಡಿಯಲ್ಲಿ ಮಹೇಶ ಮಾವ ಕಾರ್ಡು ಉಜ್ಜಿದರು. ಚೀಟಿ ಬಂತು, ಸಹಿ ಹಾಕಿದರು, ಔಷಧಿ ಕೊಟ್ಟರು. ಆ ಚೀಟಿಯನ್ನು ನನ್ನ ಕಡೆ ತಿರುಗಿಸಿ, ಅಂಗಡಿಯ ಗೋಡೆಗೆ ಹೇಳುವವರ ಹಾಗೆ, "ಕೆಲ್ಸ ಮಾಡ್ತದೆ" ಎಂದರು. ಆ ರಾತ್ರಿ ನಾನು ಅಂಜಲೈಯವರ ಮನೆಯ ಚಾಪೆಯ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.

ವಿಮಾನ ಕಂಪನಿಯ ಕಚೇರಿ

ಕಚೇರಿಯಲ್ಲಿ ಮೈ ನಡುಗುವಷ್ಟು ತಣ್ಣಗಿತ್ತು. ಕೌಂಟರಿನ ಹುಡುಗಿ ನಮ್ಮ ಕಾಗದಗಳನ್ನೆಲ್ಲ ಜೋಡಿಸಿ, ಸ್ಟ್ರೆಚರಿಗೆ ಜಾಗ ಇರುವ ವಿಮಾನ ಹುಡುಕಿ, ಡಾಕ್ಟರ ಪತ್ರ ಓದಿ, ಎಲ್ಲವನ್ನೂ ಸರಿ ಮಾಡಿದಳು. ಕೊನೆಗೆ ಕಾರ್ಡು ಉಜ್ಜಿದಳು. ಯಂತ್ರ ಸ್ವಲ್ಪ ಯೋಚನೆ ಮಾಡಿ ಚಿಕ್ಕ ಚೀಟಿ ಉಗುಳಿತು. ಅವಳು ತಲೆಯಾಡಿಸಿ ಮತ್ತೆ ಉಜ್ಜಿದಳು. ಕಾರ್ಡನ್ನು ತನ್ನ ಅಂಗಿಗೆ ಒರೆಸಿ ಮತ್ತೂ ಉಜ್ಜಿದಳು.

ಅವಳು ಎರಡು ಕೈಯಲ್ಲೂ ಹಿಡಿದು, ಬಾಗಿ, ಕಾರ್ಡನ್ನು ವಾಪಸ್ಸು ಕೊಟ್ಟಳು. ಅಲ್ಲಿ ಏನನ್ನು ಕೊಡುವುದಾದರೂ ಹಾಗೆ ಕೊಡುತ್ತಾರೆ. ಅಷ್ಟು ಮರ್ಯಾದೆಯಿಂದ ಇಲ್ಲ ಎಂದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

"ದುಡ್ಡಿದೆ ಮೇಡಂ, ಹೆಚ್ಚಿಗೆ ಕಟ್ಟಿದ್ದೀವಿ" ಎಂದು ಮಹೇಶ ಮಾವ ಇಂಗ್ಲಿಷಿನಲ್ಲಿ ಹೇಳಿ, ಅದನ್ನೇ ಕನ್ನಡದಲ್ಲೂ ಹೇಳಿದರು. ಮೈಸೂರಿನಲ್ಲಿ ಕಟ್ಟಿದ ರಸೀತಿ ತೆಗೆದು ತೋರಿಸಿದರು. ಅವಳು ನೋಡಿದಳು. ರಸೀತಿ ನಿಜ ಎಂದು ಅವಳಿಗೆ ಗೊತ್ತಾಯಿತು ಅಂತ ಅವಳ ಮುಖವೇ ಹೇಳುತ್ತಿತ್ತು. ಆದರೂ ಅವಳು ಮಾಡುವಂಥದ್ದು ಏನೂ ಇರಲಿಲ್ಲ. ಸಾಹುಕಾರರ ಮುಂದೆ ನಿಂತರೆ ಅವರಾದರೂ ಮುಖ ನೋಡುತ್ತಿದ್ದರು. ಇಲ್ಲಿ ಮುಖ ನೋಡಬೇಕಾದವರು ಯಾರು, ಎಲ್ಲಿದ್ದಾರೆ ಎಂಬುದೇ ತಿಳಿಯಲಿಲ್ಲ. ಬ್ಯಾಂಕಿಗೆ ಫೋನು ಮಾಡಿ ಎಂದಳು. ಸೀಟುಗಳನ್ನು ಎರಡು ದಿನ ಹಿಡಿದಿಡುತ್ತೇನೆ ಎಂದಳು.

ಟೆಲಿಫೋನ್ ಅಂಗಡಿ

ಕಾರ್ಡಿನ ಹಿಂದೆ ಬರೆದಿದ್ದ ನಂಬರು ಆ ದೇಶದಿಂದ ಹೋಗಲಿಲ್ಲ. ಅಂಜಲೈಯವರು ನಮ್ಮನ್ನು ಹೊರದೇಶಕ್ಕೆ ಮಾತಾಡುವ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಮರದ ಗೂಡುಗಳು, ಒಂದೊಂದರಲ್ಲಿ ಒಬ್ಬೊಬ್ಬ ಕೂಲಿಯವನು ತನ್ನ ಭಾಷೆಯಲ್ಲಿ ಹೆಂಡತಿಯ ಜೊತೆ ಜಗಳವಾಡುತ್ತಿದ್ದ. ಲತಾಗೆ ಫೋನು ಮಾಡಿ, ಅವಳು ಮೈಸೂರಿನಿಂದ ಬೇರೆ ನಂಬರು ಕೇಳಿ ಹೇಳಿ, ಕೊನೆಗೆ ಬ್ಯಾಂಕಿನ ಹುಡುಗಿಯೊಬ್ಬಳು ಸಿಕ್ಕಳು. ಗೂಡಿನ ಬಾಗಿಲು ತೆರೆದೇ ಇತ್ತು, ನಾನು ಹೊರಗೆ ನಿಂತಿದ್ದೆ.

ಅವಳು ಹೇಳಿದ್ದನ್ನು ಮಹೇಶ ಮಾವ ಆಮೇಲೆ ಬಿಡಿಸಿ ಹೇಳಿದರು. ಸಣ್ಣ ಮಿತಿಯ ಕಾರ್ಡಿಗೆ ಇದ್ದಕ್ಕಿದ್ದಂತೆ ಬಹಳ ಹಣ ಕಟ್ಟಿದ್ದಾರೆ. ಎರಡು ಮೂರು ದಿನಕ್ಕೇ ಹೊರದೇಶದಲ್ಲಿ ಅದನ್ನೆಲ್ಲ ಒಂದೇ ಏಟಿಗೆ ತೆಗೆಯಲು ನೋಡಿದ್ದಾರೆ. ಕಳ್ಳರು ಹೀಗೆ ಮಾಡುತ್ತಾರೆ. ಅದಕ್ಕೇ ತಡೆದಿದ್ದೇವೆ. ಕಾರ್ಡು ನಿಮ್ಮದೇ ಎಂದು ತೋರಿಸಿಕೊಟ್ಟರೆ ಬಿಡುತ್ತೇವೆ. ಹುಟ್ಟಿದ ದಿನ ಕೇಳಿದಳು, ಸರಿ ಹೋಯಿತು. ಮನೆಯ ವಿಳಾಸ ಕೇಳಿದಳು, ಸರಿ ಹೋಯಿತು. ಆಮೇಲೆ ಇನ್ನೊಂದು ಕೇಳಿದಳು. ಮಹೇಶ ಮಾವ ಫೋನನ್ನು ಎದೆಗೆ ಒತ್ತಿಕೊಂಡು ಹೊರಗೆ ತಿರುಗಿದರು.

"ಅತ್ತೆ, ನಮ್ಮವ್ವಂಗೆ ಮದ್ವೆಗ್ ಮುಂಚೆ ಇದ್ದ ಮನೆತನದ್ ಹೆಸ್ರು ಏನು?"

ಅವರು ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು. ನಾನೂ ಅವರ ಮುಖ ನೋಡಿದೆ.

"ಹೆಣ್ಮಕ್ಕಳಿಗೆ ಎಲ್ಲಿ ಮನೆತನದ್ ಹೆಸ್ರಪ್ಪ? ತೆರಕಣಾಂಬಿ ಕಡೆಯೋರು ಅಂತಿದ್ರು ಅಷ್ಟೇಯ."

"ಅದೇ ಹೇಳ್ಲಾ?"

"ಹೇಳಪ್ಪ. ಇನ್ನೇನ್ ಹೇಳೀಯೆ."

ಅವರು ತೆರಕಣಾಂಬಿ ಎಂದರು. ತಪ್ಪು. ಅವರ ತಾಯಿಯ ಹೆಸರು ಗೌರಮ್ಮ. ಅದನ್ನೇ ಹೇಳಿದರು. ತಪ್ಪು. ಗೌರಮ್ಮನವರನ್ನು ತವರಿನಲ್ಲಿ ಪುಟ್ಟಿ ಎಂದು ಕರೆಯುತ್ತಿದ್ದರೆಂದು ನನಗೆ ನೆನಪಾಗಿ ಹೇಳಿದೆ. ಅದೂ ತಪ್ಪು. ಇಬ್ಬರೂ ಮುಖಕ್ಕೆ ಮುಖ ಕೊಟ್ಟು, ತೀರಿಕೊಂಡು ಎಷ್ಟೋ ವರ್ಷವಾದ ಆ ಹೆಂಗಸಿಗೆ ಎಲ್ಲೋ ಒಂದು ಹೆಸರಿತ್ತು ಎಂದು ಹುಡುಕುತ್ತಿದ್ದೆವು. ಗೌರಮ್ಮನವರು ಹುಟ್ಟಿದ್ದು ಒಂದು ಮನೆಯಲ್ಲಿ, ಬಾಳಿದ್ದು ಇನ್ನೊಂದು ಮನೆಯಲ್ಲಿ. ಎರಡು ಮನೆಯವರೂ ಆಕೆಗೆ ಅಂಥ ಹೆಸರು ಕೊಟ್ಟಿರಲಿಲ್ಲ. ನನಗೂ ಕೊಟ್ಟಿಲ್ಲ.

ಸ್ಟಾಫ್ ರೂಮಿಗೆ ಬಂದಿದ್ದ ಆ ಕಾರ್ಡಿನ ಹುಡುಗ ಮೇಷ್ಟರಿಂದ ಸಹಿ ಮಾತ್ರ ಹಾಕಿಸಿಕೊಂಡು, ಮಿಕ್ಕಿದ್ದನ್ನೆಲ್ಲ ತಾನೇ ತುಂಬಿದ್ದ. ಅಲ್ಲಿ ಏನು ಬರೆದಿದ್ದ ಎಂಬುದು ಊರಿಗೆ ಬಂದ ಮೇಲೆ ತಿಳಿಯಿತು. ಗುಂಡ್ಲುಪೇಟೆ ಎಂದು ಬರೆದಿದ್ದ. ಏನಾದರೂ ಬರೆಯಬೇಕಿತ್ತು, ಬರೆದಿದ್ದ.

ಮೂರು ಸಲ ತಪ್ಪಿದ್ದರಿಂದ ಇನ್ನು ಫೋನಿನಲ್ಲಿ ಆಗುವುದಿಲ್ಲ, ನೀವೇ ಖುದ್ದಾಗಿ ಮೈಸೂರಿನ ಕಚೇರಿಗೆ ಬನ್ನಿ ಎಂದು ಬ್ಯಾಂಕಿನ ಹುಡುಗಿ ಹೇಳಿದಳಂತೆ. ಮಹೇಶ ಮಾವ ಕನ್ನಡದಲ್ಲಿ ಕೂಗಿದರು. "ಮೈಸೂರಿಗೆ ಹೆಂಗಮ್ಮ ಬರ್ಲಿ? ಹುಡುಗ ಸಾಯ್ತಾವ್ನೆ. ನಮ್ ದುಡ್ಡಮ್ಮ ಅದು!" ಪಕ್ಕದ ಗೂಡುಗಳಲ್ಲಿ ಜಗಳ ನಿಂತು ಎಲ್ಲರೂ ನೋಡಿದರು. ಆ ಕಡೆ ಫೋನು ಇಟ್ಟುಬಿಟ್ಟಿದ್ದರು.

ಅವರು ಅಂಗಡಿಯ ಮೆಟ್ಟಿಲ ಮೇಲೆ ಕೂತು ತಲೆ ಚಚ್ಚಿಕೊಂಡರು. ನಾನು ಹೋಗಿ ಪಕ್ಕದಲ್ಲೇ ಕೂತೆ. ಅವರ ಕೈ ಹಿಡಿದು ನಿಲ್ಲಿಸಿದೆ. "ಮಹೇಶಪ್ಪ, ಬುಡಪ್ಪ, ಚಚ್ಕಬ್ಯಾಡ" ಎಂದೆ. ಅಂಜಲೈಯವರು ನಮ್ಮಿಬ್ಬರ ಎದುರು ನಿಂತು, "ಅಳಾದೀಂಗ, ಅಳಾದೀಂಗ" ಎನ್ನುತ್ತಾ ತಾವೇ ಅಳುತ್ತಿದ್ದರು.

ಹಣ ಸುಡುವ ಬೀದಿ

ಮನೆಗೆ ಹೋಗುವ ದಾರಿಯಲ್ಲಿ ಚೀನೀಯರ ಬೀದಿ. ಅಲ್ಲಿನವರು ಮನೆಯ ಮುಂದೆ ತಗಡಿನ ಡ್ರಮ್ಮು ಇಟ್ಟು ಬೆಂಕಿ ಹಾಕಿ, ಅದಕ್ಕೆ ಕಂತೆ ಕಂತೆ ನೋಟು ಹಾಕುತ್ತಿದ್ದರು. ನಾನು ಬೆಚ್ಚಿ ನಿಂತೆ. ನಿಜವಾದ ನೋಟಲ್ಲ, ಅಚ್ಚು ಹಾಕಿದ ಕಾಗದ, ಸತ್ತವರು ಆ ಲೋಕದಲ್ಲಿ ಖರ್ಚು ಮಾಡಲು ಎಂದು ಅಂಜಲೈಯವರು ಹೇಳಿದರು. ಸುಟ್ಟರೆ ಅವರಿಗೆ ಸೇರುತ್ತದಂತೆ. ಒಬ್ಬ ಅಜ್ಜಿ ಒಂದೊಂದೇ ನೋಟು ಬಿಡಿಸಿ, ಗಾಳಿಗೆ ಹಾರದ ಹಾಗೆ ಕಡ್ಡಿಯಲ್ಲಿ ಒತ್ತುತ್ತಿದ್ದಳು. ಅವಳ ಹಣ ಸೇರುವ ಕಡೆಗೆ ಸೇರುತ್ತದೆ ಎಂದು ಅವಳಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಬೇರೆ ಯಾವತ್ತೂ ಹಾಗೆ ಹೊಟ್ಟೆಕಿಚ್ಚು ಪಟ್ಟದ್ದು ನನಗೆ ನೆನಪಿಲ್ಲ, ಗಂಡ ಇದ್ದವರನ್ನು ನೋಡಿಯೂ ಪಟ್ಟಿರಲಿಲ್ಲ.

ಮಾರನೆಯ ದಿನ ಲತಾ ಒಬ್ಬಳೇ ಮೈಸೂರಿನ ಬ್ಯಾಂಕಿಗೆ ಹೋದಳು. ಹೆಂಡತಿ ಬಂದರೆ ಆಗುವುದಿಲ್ಲ, ಕಾರ್ಡಿನವರೇ ಬರಬೇಕು ಎಂದರಂತೆ. ಕಲ್ಲಿನ ಕೆಲಸದ ಹುಡುಗರು, ತಮಿಳರು, ಬಂಗಾಳದವರು, ತಮ್ಮ ಕೈಲಾದಷ್ಟು ಕೂಡಿಸಿ ತಂದರು. ಒಂದು ಸೀಟಿಗೂ ಸಾಲುತ್ತಿರಲಿಲ್ಲ. ನನ್ನ ಕಿವಿಯ ಓಲೆ ಬಿಚ್ಚಿ ಕೊಟ್ಟೆ. ಅಂಜಲೈಯವರು ಒಂದು ಬಳೆ ತೆಗೆದುಕೊಟ್ಟರು. ಮಹೇಶ ಮಾವ ತಮ್ಮ ವಾಪಸ್ಸಿನ ಟಿಕೆಟ್ಟಿನಲ್ಲಿ ತಾವೊಬ್ಬರೇ ಊರಿಗೆ ಹಾರಿ, ಬ್ಯಾಂಕಿನಲ್ಲಿ ಮುಖ ತೋರಿಸಿ, ಕಾರ್ಡು ಬಿಡಿಸುವುದು, ಆಮೇಲೆ ಇಲ್ಲಿ ಸೀಟು ಹಿಡಿಯುವುದು ಎಂದು ತೀರ್ಮಾನವಾಯಿತು. ಅವರ ವಿಮಾನ ಸಂಜೆಗೆ.

"ಅತ್ತೆ, ನೀವೊಬ್ರೇ ಇರ್ತೀರಾ?"

"ಇರ್ತಿನಿ, ನೀ ಬೇಗ ಬಾ" ಎಂದೆ. ನೀವು ಎನ್ನುವುದು ಅಷ್ಟರಲ್ಲಿ ಬಿಟ್ಟುಹೋಗಿತ್ತು.

ಮತ್ತೆ ಆಸ್ಪತ್ರೆ

ಅವರು ಹೊರಡುವ ಮೊದಲು ನಾಗರಾಜನಿಗೆ ಹೇಳಿ ಹೋಗಲೆಂದು ಇಬ್ಬರೂ ಆಸ್ಪತ್ರೆಗೆ ಬಂದೆವು. ಅವನಿಗೆ ಮೈ ಕೆಂಡವಾಗಿತ್ತು. ಆದರೂ ಕಣ್ಣು ಬಿಟ್ಟು, "ಸೀಟು ಸಿಕ್ತಾ?" ಎಂದ. ಸಿಕ್ಕಿತು ಎಂದೆ. "ಕಿಟಕೀದಾ?" ಎಂದ. ಕಿಟಕಿಯದೇ ಎಂದೆ.

ಮಹೇಶ ಮಾವ ನನಗೆ ಕಾಫಿ ತರಲು ಕೆಳಗೆ ಹೋದರು. ಮಧ್ಯಾಹ್ನದ ಮಳೆ ಶುರುವಾಯಿತು. ನಿಮ್ಮಪ್ಪ ನನ್ನ ಕೈಯನ್ನು ಹಿಡಿದೇ ಇದ್ದ, ಹಿಡಿತ ಮಾತ್ರ ಸಡಿಲವಾಗುತ್ತಾ ಬಂತು. ನಿದ್ದೆ ಎಂದುಕೊಂಡೆ. ನರ್ಸು ಓಡಿ ಬಂದಳು, ಇನ್ನಿಬ್ಬರು ಬಂದರು, ನನ್ನನ್ನು ಪಕ್ಕಕ್ಕೆ ಸರಿಸಿದರು. ಮಹೇಶ ಮಾವ ಬಾಗಿಲಲ್ಲಿ ನಿಂತಿದ್ದರು. ಅವರ ಬೆರಳಿನಲ್ಲಿ ಕಾಫಿಯ ಎರಡು ಚೀಲಗಳು ದಾರದಲ್ಲಿ ತೂಗುತ್ತಿದ್ದವು. ಆ ಚೀಲಗಳು ನಿಲ್ಲುವವರೆಗೂ ನಾನು ಅವನ್ನೇ ನೋಡಿದೆ.

ದೇಹವನ್ನು ಊರಿಗೆ ತರುವುದಕ್ಕೂ ಪೆಟ್ಟಿಗೆ, ಕಾಗದ, ಸರಕಿನ ಬಾಡಿಗೆ ಎಂದು ಮತ್ತೆ ಅಷ್ಟೇ ಹಣ ಬೇಕಿತ್ತು. ಮಹೇಶ ಮಾವ ಹೋಗಿ ಬರುವವರೆಗೆ ಇಟ್ಟುಕೊಳ್ಳಿ ಎಂದು ಆಸ್ಪತ್ರೆಯವರಿಗೆ ಕೈಮುಗಿದೆ. ಎಷ್ಟು ದಿನ ಎಂದರು. ಕಾರ್ಡನ್ನು ಎಷ್ಟು ದಿನಕ್ಕೆ ಬಿಡುತ್ತೇವೆ ಎಂದು ಬ್ಯಾಂಕಿನವರು ಹೇಳಿರಲಿಲ್ಲ. ಅಲ್ಲಿಯೇ ಮಣ್ಣು ಮಾಡೋಣವೆಂದರೆ ಕೂರಿಸಿ ಹೂಳಲು ಅಲ್ಲಿನ ಸ್ಮಶಾನದಲ್ಲಿ ಒಪ್ಪಲಿಲ್ಲ. ಹೊರದೇಶದವನಿಗೆ ಜಾಗವೂ ಇಲ್ಲ ಎಂದರು. ಕೂಡಿಸಿದ್ದ ಹಣ ಸುಡುವುದಕ್ಕೆ ಸಾಕಾಯಿತು.

ನಿಮ್ಮಪ್ಪನ ಕೊರಳಿನ ಲಿಂಗವನ್ನು ಬಿಚ್ಚಿ ಅವನ ಎಡಗೈಯಲ್ಲಿಟ್ಟು ಬೆರಳು ಮಡಿಸಿದೆ. ಮಲಗಿಸಿಯೇ ಇದ್ದರು. ಕಲ್ಲಿನ ಕೆಲಸದ ಹುಡುಗರು ಹೆಗಲು ಕೊಟ್ಟರು. ಹೆಂಗಸರು ಬರಬಾರದು ಎಂದು ಅಲ್ಲಿ ಯಾರೂ ಹೇಳಲಿಲ್ಲ. ಹೇಳಿದ್ದರೆ ನಾನು ನೋಡುವುದು ತಪ್ಪುತ್ತಿತ್ತು.

ಉಡಿಗಾಲ

ಬೂದಿಯ ಗಡಿಗೆಯನ್ನು ವಿಮಾನದಲ್ಲಿ ತೊಡೆಯ ಮೇಲೆ ಇಟ್ಟುಕೊಂಡೆ. ಈ ಸಲ ಅಳಿಯಂದಿರೇ ನನ್ನ ಸೊಂಟದ ಪಟ್ಟಿ ಬಿಗಿದರು. ತುತ್ತು ಮಾಡಿ ಬಾಯಿಗಿಟ್ಟರು. ನಾನು ತಿಂದೆ.

ಊರಿನ ಹಿರಿಯರು ಗಡಿಗೆ ನೋಡಿ ಮುಖ ಮುಖ ನೋಡಿಕೊಂಡರು. ನಿಮ್ಮ ದೊಡ್ಡ ತಾತ, "ಇದ ಹೆಂಗವ್ವ ಕೂರಿಸನ?" ಎಂದರು. ಚುಚ್ಚಬೇಕೆಂದು ಕೇಳಿದ್ದಲ್ಲ, ಅವರಿಗೆ ನಿಜವಾಗಿಯೂ ತಿಳಿಯಲಿಲ್ಲ. ಕೊನೆಗೆ ತಾತನ ಪಕ್ಕದಲ್ಲಿ ಸಣ್ಣ ಗುಂಡಿ ತೆಗೆದು ಇಟ್ಟರು. ನಿಮ್ಮಮ್ಮ ಬಾಣಂತಿಯ ಬಟ್ಟೆ ಕಟ್ಟಿಕೊಂಡೇ ಬಂದು ದೂರದಲ್ಲಿ ನಿಂತಿದ್ದಳು. ಅವಳಿಗೆ ತೋರಿಸಲು ನನ್ನ ಹತ್ತಿರ ಒಂದು ಮುಖವೂ ಇರಲಿಲ್ಲ.

ಮಹೇಶ ಮಾವ ಮೈಸೂರಿಗೆ ಹೋಗಿ ಕಾರ್ಡನ್ನು ಬೇಡವೆಂದು ಬರೆದುಕೊಟ್ಟು ಬಂದರು. ಕೆಲವು ವಾರದ ಮೇಲೆ ಗುಂಡ್ಲುಪೇಟೆಗೆ ಅಂಚೆಯಲ್ಲಿ ಚೆಕ್ಕು ಬಂತು. ಔಷಧಿಯ ಹಣ ಕಳೆದು ಉಳಿದದ್ದೆಲ್ಲ ಇತ್ತು. ನೀವು ಹೆಚ್ಚಾಗಿ ಕಟ್ಟಿದ್ದನ್ನು ಮರಳಿಸಿದ್ದೇವೆ ಎಂದು ಜೊತೆಗೆ ಬರೆದಿದ್ದರು. ಅವರು ಅದನ್ನು ತಂದು ನನ್ನ ಮುಂದೆ ಇಟ್ಟು, ಗೋಡೆಗೆ ಒರಗಿ ಕೂತರು. ಯಾರು ಯಾರು ಕೊಟ್ಟಿದ್ದರೋ ಅವರವರಿಗೆ ಹಿಂದಿರುಗಿಸಿದೆವು. ಅಂಜಲೈಯವರ ಬಳೆಗೂ ಹುಡುಗರ ಹಣಕ್ಕೂ ಕಳಿಸಿದೆವು. ಅವತ್ತಿನಿಂದ ಮಹೇಶ ಮಾವ ಮನೆಯಲ್ಲಿ ಹಣದ ಮಾತು ಎತ್ತಿದರೆ ಎದ್ದು ಹೊರಗೆ ಹೋಗುತ್ತಾರೆ. ಅವರನ್ನು ಏನೂ ಕೇಳಬೇಡಿ. ನಾನೂ ಅವರ ಜೊತೆ ಸೇರಿಯೇ ಸರಿ ಎಂದವಳು.

ಇನ್ನು, ಇದನ್ನು ಯಾಕೆ ಬರೆದೆ ಎಂದರೆ, ಹೋದ ತಿಂಗಳು ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಗೋಡೆಯ ಈ ಕಡೆ ನಾನಿದ್ದದ್ದು ಅವರಿಗೆ ಗೊತ್ತಿರಲಿಲ್ಲ.

"ಹೆಣ ಕಂಡೋರು ಯಾರು ಕಣಮ್ಮಿ? ಗಡಗೇಲಿ ಯಾವ್ ಒಲೆ ಬೂದಿಯೋ."

"ಅಲ್ಲೊಬ್ಳ ಇಟ್ಕಂಡವ್ನಂತೆ. ಕರ್ಕಂಡ್ ಬರಾಕೋದ್ರೆ ಬರಾಕಿಲ್ಲ ಅಂದ್ನಂತೆ. ಅದ್ಕೇಯ ದುಡ್ಡೆಲ್ಲ ಹಂಗಂಗೇ ವಾಪಸ್ ಬಂದದ್ದು. ಖರ್ಚಾಗಿದ್ರೆ ಬತ್ತಿತ್ತಾ?"

ನಾನು ಎದ್ದು ಹೋಗಿ ಅವರ ಮುಂದೆ ನಿಲ್ಲಬೇಕಿತ್ತು. ನನ್ನಿಂದ ಆಗಲಿಲ್ಲ. ಕೊಡ ಅರ್ಧಕ್ಕೇ ಎತ್ತಿಕೊಂಡು ಒಳಗೆ ಬಂದೆ. ಆ ಮಾತು ಇಂದಲ್ಲ ನಾಳೆ ಶಾಲೆಯಲ್ಲೋ ಬಸ್ಸಿನಲ್ಲೋ ನಿಮ್ಮ ಕಿವಿಗೆ ಬೀಳುತ್ತದೆ. ಮನು, ನಿನಗೆ ಅವನ ನೆನಪೇ ಇಲ್ಲ, ನೀನು ಬೇಗ ನಂಬಿಬಿಡುತ್ತೀಯೆ.

ಈ ಹಾಳೆಗಳನ್ನು ಜೋಪಾನ ಮಾಡಿ. ನಿಮ್ಮಮ್ಮನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ಗೆದ್ದಲು ಹತ್ತದ ಕಡೆ ಇಡಿ. ನಾನು ಇಲ್ಲದ ಮೇಲೆ ಯಾರಾದರೂ ಆ ಮಾತು ಆಡಿದರೆ ತೆಗೆದು ಓದಿ ಹೇಳಿ. ಕೈ ಹಿಡಿದಿದ್ದವಳು ನಾನು. ಅವನು ಬರುತ್ತೇನೆ ಎಂದೇ ಇದ್ದ, ಕಿಟಕಿಯ ಸೀಟು ಕೇಳಿದ.